ಟ್ಯಾನರಿ ಬಾವಿಯ ನೀರು

ಪುರಸಭೆಯ ಓವರ್ಸಿಯರ್ ನಸ್ರುಲ್ಲಾ, ನಬೀ ಸಾಬರ ಟ್ಯಾನರಿಗೆ ಕಾಲಿಟ್ಟು ಮಾಡಿದ ಮೊದಲ ಕೆಲಸವೆಂದರೆ ಅಂಗಾತ ಬಿದ್ದದ್ದು.

ತಪ್ಪು ಅವನದಲ್ಲ. ಅಳತೆಯ ಸರಪಳಿ ಅರವತ್ತಾರು ಅಡಿ ಉದ್ದ, ಅದಕ್ಕೆ ಎರಡು ತುದಿ, ಹಿಡಿಯಲು ಇಬ್ಬರು ಬೇಕು. ಅವನ ಜೊತೆ ಬರಬೇಕಿದ್ದ ಆಫೀಸಿನ ಜವಾನ ಕದಿರಯ್ಯ ಜ್ವರ ಬಂದು ಮಲಗಿದ್ದ. ಟ್ಯಾನರಿ ಮನೆಯಲ್ಲಿ ಗಂಡಸರೇ ಇಲ್ಲ. ಇದ್ದವರಲ್ಲಿ ಎದುರಿಗೆ ಬಂದು ನಿಂತವಳು ಚಿಕ್ಕಹನುಮಕ್ಕ ಒಬ್ಬಳೇ. ಟ್ಯಾನರಿ ನಡೆಯುತ್ತಿದ್ದ ಕಾಲದಲ್ಲಿ ಇಪ್ಪತ್ತು ವರ್ಷ ಚರ್ಮ ಹದ ಮಾಡುವ ಚಕ್ಕೆ, ಅಂದರೆ ತಂಗಡಿ ಗಿಡದ ತೊಗಟೆ, ಕುಟ್ಟಿದ್ದ ಗಟ್ಟಿ ಮುದುಕಿ ಅವಳು. ಸರಪಳಿಯ ಆ ತುದಿಯನ್ನು ಅವಳ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊಳಮ್ಮ" ಎಂದು ಈ ತುದಿಯನ್ನು ಅವನು ಜಗ್ಗಿದ. ಸರಿಯಾಗಿ ಆ ಗಳಿಗೆಗೆ ಅವಳಿಗೆ ಎಲೆ ಅಡಿಕೆಯ ನೆನಪಾಗಿ ಕೈ ಬಿಟ್ಟಳು.

"ಅಯ್ಯೋ ಸ್ವಾಮಿ! ನಾನೇನೂ ಮಾಡ್ನಿಲ್ಲ, ಅದೇ ಓಗ್ಬುಡ್ತು ಕಣಪ್ಪ!" ಎಂದಳು ಚಿಕ್ಕಹನುಮಕ್ಕ.

ನಗು ಬಂದದ್ದು ಬೇರೆ ಕಡೆಯಿಂದ. ಚರ್ಮ ಒಣಗಿಸುತ್ತಿದ್ದ ಹಳೆಯ ಚಪ್ಪರದ ಸುತ್ತ ಬಿದಿರು ತಟ್ಟಿ ಕಟ್ಟಿದ್ದರು. ತಟ್ಟಿಯ ಆಚೆ ಯಾರೋ ನಗುವನ್ನು ತಡೆಯಲು ನೋಡಿ ಸೋತರು. ಆಮೇಲೆ ಒಂದು ದನಿ ಬಂತು. "ಅಕ್ಕಾ, ಆ ತುದಿ ನನಗೆ ಕೊಡು. ಇಲ್ಲದಿದ್ರೆ ಸಾಹೇಬರು ಜಾಗ ಅಳೆಯೋದರ ಬದಲು ತಮ್ಮನ್ನೇ ಅಳ್ಕೋತಾರೆ."

ತಟ್ಟಿಯ ಕೆಳಗಿನ ಸಂದಿಯಿಂದ ಒಂದು ಕೈ ಹೊರಗೆ ಬಂದು ಸರಪಳಿಯ ಹಿತ್ತಾಳೆ ಹಿಡಿಯನ್ನು ತೆಗೆದುಕೊಂಡಿತು. ಹಸಿರು ಗಾಜಿನ ಬಳೆಗಳು, ಉಗುರಿನ ಸಂದಿಯಲ್ಲಿ ಮಣ್ಣು. ನಸ್ರುಲ್ಲಾ ಎದ್ದು ಪ್ಯಾಂಟು ಕೊಡವಿಕೊಂಡ. ಕೊಡವುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ಕೊಡವುತ್ತಲೇ ಇದ್ದ.

ಅದು ಸಾವಿರದ ಒಂಬೈನೂರ ಅರವತ್ತೊಂದರ ಜೂನ್. ಶಿರಾದ ಅಂಚಿನಲ್ಲಿದ್ದ ಆ ಒಂದು ಎಕರೆ ಜಾಗದ ಫೈಲು ಅವನ ಕಂಕುಳಲ್ಲಿತ್ತು. ಚರ್ಮ ಹದ ಮಾಡುತ್ತಿದ್ದ ನಬೀ ಸಾಬರು ತೀರಿಕೊಂಡು ಎಂಟು ವರ್ಷವಾಗಿತ್ತು. ಅಂದಿನಿಂದ ಕೆಲಸ ನಿಂತಿತ್ತು. ಉಳಿದವರು ಅವರ ತಾಯಿ ಅಮೀನಾಬಿ ಮತ್ತು ಮಗಳು ಅಮೀರುನ್ನೀಸಾ. ಆ ಮಗಳೇ ಪುರಸಭೆಗೆ ಅರ್ಜಿ ಕೊಟ್ಟಿದ್ದಳು, ಟ್ಯಾನರಿ ಜಾಗವನ್ನು ವಾಸದ ಮನೆ ಮತ್ತು ತೋಟವಾಗಿ ಬದಲಾಯಿಸಲು ಅನುಮತಿ ಬೇಕೆಂದು. ಅಕ್ಷರ ಮುದ್ದಾಗಿತ್ತು. ಕೋರಿಕೆ ಮಾತ್ರ ಹುಚ್ಚು ಎಂದು ಇಡೀ ಆಫೀಸು ನಕ್ಕಿತ್ತು.

ನಗುವಂಥದ್ದೇ ಇತ್ತು. ಹಳೆಯ ನಕ್ಷೆಯಲ್ಲಿ ಇಪ್ಪತ್ತನಾಲ್ಕು ಗುಂಡಿಗಳಿದ್ದವು, ಅರ್ಧ ಸುಣ್ಣದವು, ಅರ್ಧ ಚಕ್ಕೆ ನೀರಿನವು. ಹುಡುಗಿ ಅವನ್ನೆಲ್ಲ ಮುಚ್ಚಿಸಿದ್ದಳು, ನಿಜ. ಆದರೆ ಮುಚ್ಚಿದ ಜಾಗದಲ್ಲಿ ನೆಲ ಬೂದಿಯ ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ನೆಟ್ಟ ಮಲ್ಲಿಗೆ ಕಡ್ಡಿಗಳು ಸಾಲಾಗಿ ನಿಂತ ಹಾಗೇ ಒಣಗಿದ್ದವು. ಬಾವಿಯೊಳಗೆ ಇಣುಕಿದರೆ ಚಹಾದ ಬಣ್ಣದ ನೀರು, ಮೇಲೆ ತೆಳ್ಳಗೆ ಕೆನೆ.

"ಒಂದು ಸಲ ಜಗ್ಗಿದರೆ ಸಿದ್ಧ ಅಂತ, ಎರಡು ಸಲ ಜಗ್ಗಿದರೆ ಬಿಡಿ ಅಂತ" ಎಂದು ನಸ್ರುಲ್ಲಾ ತಟ್ಟಿಯ ಕಡೆ ಹೇಳಿದ. ಗೋಷಾ ಇರುವ ಮನೆಯಲ್ಲಿ ಕೂಗಾಡುವುದು ಸರಿಯಲ್ಲ ಎಂದು ಅವನ ಲೆಕ್ಕ. ಕೂಡಲೇ ಸರಪಳಿ ಒಂದು ಸಲ ಅಲುಗಿತು. ನೂರು ಕೊಂಡಿಗಳ ಮೂಲಕ ಆ ಅಲುಗಾಟ ಅವನ ಅಂಗೈಗೆ ಬಂದು ಮುಟ್ಟಿತು. ಆರು ವರ್ಷದ ಸರ್ವೀಸಿನಲ್ಲಿ ಕದಿರಯ್ಯ ಸಾವಿರ ಸಲ ಜಗ್ಗಿದ್ದ, ಇಂಥದ್ದು ಯಾವತ್ತೂ ಆಗಿರಲಿಲ್ಲ.

ಅಳತೆ ಮುಗಿಯುವ ಹೊತ್ತಿಗೆ ಅಮೀನಾಬಿ ಗೋಡೆ ಹಿಡಿದುಕೊಂಡು ಬಂದರು. ಕಣ್ಣಿಗೆ ಪೊರೆ ಬಂದಿತ್ತು. "ಬೇಟಾ, ಬಿಸಿಲಲ್ಲಿ ಬಂದಿದ್ದೀಯ. ಶರಬತ್ತು ಕುಡಿ."

ನಸ್ರುಲ್ಲಾ ಉರ್ದುವಿನಲ್ಲಿ ಏನೋ ಹೇಳಿದ. ಅಮೀನಾಬಿ ಹುಬ್ಬು ಗಂಟಿಕ್ಕಿದರು. ತಟ್ಟಿಯ ಆಚೆಯಿಂದ ಮೊಮ್ಮಗಳ ದನಿ ಬಂತು. "ಕನ್ನಡದಲ್ಲೇ ಹೇಳಿ ಸಾಹೇಬರೇ. ದಾದಿಗೆ ಕನ್ನಡ ಅರ್ಥವಾಗುತ್ತೆ. ನಿಮ್ಮ ಉರ್ದು ಆಗಲ್ಲ."

ಅವನ ಕಿವಿ ಕೆಂಪಾಯಿತು. ಮಿಡಿಗೇಶಿಯ ಅವನ ಬೀದಿಯಲ್ಲಿ ಅವರದೊಂದೇ ಸಾಬರ ಮನೆ. ಅಪ್ಪ ಪಾತ್ರೆಗೆ ಕಲಾಯಿ ಹಾಕುವವರು. ಆಟ, ಜಗಳ, ಮಗ್ಗಿ ಎಲ್ಲ ಕನ್ನಡದಲ್ಲೇ ಆಗಿದ್ದವು. "ಕ್ಷಮಿಸಬೇಕಮ್ಮಾ. ಅರ್ಜಿ ಹಾಕಿದವರ ಮನೇಲಿ ನಾನು ನೀರು ಕೂಡ ಕುಡಿಯಲ್ಲ. ಅದು ನನ್ನ ಪದ್ಧತಿ" ಎಂದ.

"ಬಾಯಾರಿ ಸತ್ತರೂ?" ಎಂದಿತು ತಟ್ಟಿ.

"ಸತ್ತರೂ."

"ಹಾಗಾದರೆ ಬೇಗ ಬರೆದು ಹೊರಡಿ. ಇಲ್ಲಿ ಸತ್ತರೆ ನಮ್ಮ ಅರ್ಜಿಗೆ ತೊಂದರೆ."

ಚಿಕ್ಕಹನುಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಮುಖ ಗಂಭೀರ ಮಾಡಿಕೊಂಡು ಹೊರಟವನು ಗೋಡೆಯ ಪಕ್ಕದಲ್ಲಿ ನಿಂತುಬಿಟ್ಟ. ಅಲ್ಲಿ ಕಿತ್ತು ಬಿಸಾಡಿದ ಎಳೆ ಗಿಡಗಳ ರಾಶಿ ಇತ್ತು. ಒಂದನ್ನು ಎತ್ತಿಕೊಂಡು ಎಲೆ ಬಿಡಿಸಿ ನೋಡಿದ.

"ಇದನ್ನ ಯಾಕೆ ಕಿತ್ತಿರಿ?"

"ಕಳೆ ಕಣ್ ಸ್ವಾಮಿ. ಹಳೇ ಚಕ್ಕೆ ತಿಪ್ಪೆ ತುಂಬಾ ಹುಟ್ಕತಾವೆ. ದಿನಾ ಕೀಳೋದೇ ಆಗೈತೆ" ಎಂದಳು ಚಿಕ್ಕಹನುಮಕ್ಕ.

"ಕಳೆ ಅಲ್ಲ. ತಂಗಡಿ."

"ತಂಗಡಿ ಅಂತ ಗೊತ್ತಿರೋದಕ್ಕೇ ಕೀಳಿಸಿದ್ದು" ಎಂದಿತು ತಟ್ಟಿಯ ಹಿಂದಿನ ದನಿ. ಈ ಸಲ ಅದರಲ್ಲಿ ನಗು ಇರಲಿಲ್ಲ. "ಆ ಚಕ್ಕೆ ನೀರಲ್ಲಿ ಮುಳುಗಿ ಮುಳುಗಿ ನಮ್ಮ ಅಬ್ಬಾರ ಕೈ ಕಂದಾಗಿತ್ತು. ತೀರಿಕೊಂಡ ಮೇಲೆ ಮಯ್ಯತ್ತಿಗೆ ಸ್ನಾನ ಮಾಡಿಸಿದಾಗಲೂ ಆ ಬಣ್ಣ ಹೋಗಲಿಲ್ಲ. ಕೊನೇ ದಿನ ನನ್ನ ಹತ್ತಿರ ಹೇಳಿದರು, ಈ ನೆಲ ನಮಗೆ ಅನ್ನ ಕೊಟ್ಟಿದೆ ಬೇಟಿ, ಅದಕ್ಕೆ ಒಂದು ಸಲವಾದರೂ ಮಲ್ಲಿಗೆ ವಾಸನೆ ತೋರಿಸು ಅಂತ. ಆ ಗಿಡ ನನ್ನ ತೋಟದಲ್ಲಿ ಬೇಡ."

ನಸ್ರುಲ್ಲಾ ಕೈಯಲ್ಲಿದ್ದ ಗಿಡವನ್ನು ರಾಶಿಯ ಮೇಲೆ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ. "ನಮ್ಮ ಮಿಡಿಗೇಶಿ ಕಡೆ ಚೌಳು ನೆಲಕ್ಕೆ ಔಷಧಿ ಅಂದರೆ ಇದೇ. ಬೆಳೆಸಿ, ಹೂವಿಗೆ ಬಂದಾಗ ಕೊಯ್ದು, ಮಣ್ಣಿಗೆ ತುಳಿದುಬಿಡ್ತಾರೆ. ಏನೂ ಬೆಳೆಯದ ಕಡೆ ಆಮೇಲೆ ಎಲ್ಲ ಬೆಳೆಯುತ್ತೆ."

"ಹೂವಿಗೆ ಬಂದಾಗ ಅಂದರೆ? ತಂಗಡಿಗೆ ಹೂ ಬಿಡುತ್ತಾ?"

ಅವನಿಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ಅರ್ಥವಾಯಿತು. ಈ ಮನೆಗೆ ತಂಗಡಿ ಬರುತ್ತಿದ್ದದ್ದು ಸುಲಿದ ಚಕ್ಕೆಯ ಗಾಡಿಗಳಾಗಿ. ಪರದೆ ಕಟ್ಟಿದ ಜಟಕಾ ಬಿಟ್ಟು ಬೇರೇನೂ ಹತ್ತದ ಹುಡುಗಿ ಅದರ ಹೂವನ್ನು ಎಲ್ಲಿ ಕಂಡಾಳು?

ತಟ್ಟಿಯ ಸಂದಿಯಿಂದ ಆ ಕೈ ಮತ್ತೆ ಹೊರಗೆ ಬಂತು. ಒಂದು ಚಿಟಿಕೆ ಮಣ್ಣು ತೆಗೆದುಕೊಂಡು ಒಳಗೆ ಹೋಯಿತು. ಸಂದಿಯಲ್ಲಿ ಅವನಿಗೆ ಕಂಡದ್ದು ತುಟಿ ಮಾತ್ರ. ಅವಳು ಮಣ್ಣನ್ನು ನಾಲಿಗೆಯ ಮೇಲೆ ಇಟ್ಟುಕೊಂಡಳು.

"ಸುಣ್ಣ ಇನ್ನೂ ಕಡಿಯುತ್ತೆ" ಎಂದಳು. "ಅಬ್ಬಾ ಗುಂಡಿಯ ಹದವನ್ನ ನಾಲಿಗೆಯಲ್ಲೇ ನೋಡ್ತಿದ್ದರು. ಸರಿ, ನೋಡೋಣ ನಿಮ್ಮ ತಂಗಡಿ ಏನು ಮಾಡುತ್ತೆ ಅಂತ."

ನಸ್ರುಲ್ಲಾ ಎಷ್ಟೋ ನಿವೇಶನ ಅಳೆದಿದ್ದ. ನೆಲವನ್ನು ಇಷ್ಟು ಹತ್ತಿರದಿಂದ ಕೇಳುವವರನ್ನು ಕಂಡಿರಲಿಲ್ಲ. ಆಫೀಸಿನವರೆಗೂ ನಡೆದುಕೊಂಡೇ ಹೋದ, ಸೈಕಲ್ಲನ್ನು ಟ್ಯಾನರಿಯ ಗೇಟಿಗೆ ಒರಗಿಸಿ ಮರೆತಿದ್ದ.

*

ವರದಿಯಲ್ಲಿ ಮಾತ್ರ ಮರೆವು ಇರಲಿಲ್ಲ. "ನೆಲ ಸತ್ವಹೀನ. ಬಾವಿ ನೀರು ಕಹಿ. ಸದ್ಯ ವಾಸಕ್ಕೆ ಯೋಗ್ಯವಲ್ಲ. ಈ ವರ್ಷದ್ದು ಬಿಟ್ಟು ಎರಡು ಮಳೆಗಾಲದ ನಂತರ ಮರುಪರಿಶೀಲನೆ ಮಾಡಬಹುದು" ಎಂದು ಬರೆದು ಸಹಿ ಹಾಕಿದ.

ಎರಡು ಮಳೆಗಾಲ ಎನ್ನುವುದು ಅವಳ ಪಾಲಿಗೆ ಕತ್ತಿಯ ಅಂಚು. ಜಾಗದ ಇನ್ನೊಬ್ಬ ಹಕ್ಕುದಾರ ಅವಳ ಚಿಕ್ಕಪ್ಪ ಕುತುಬುದ್ದೀನ್. ಹಿಂದೂಪುರದ ಚರ್ಮದ ವ್ಯಾಪಾರಿಯೊಬ್ಬರು ಗುಂಡಿಗಳನ್ನು ಮತ್ತೆ ತೆಗೆದು ಟ್ಯಾನರಿ ನಡೆಸಲು ಕೇಳುತ್ತಿದ್ದರು. ಚಾಚಾ ಒರಟನಲ್ಲ. "ಎರಡು ಮಳೆ ಕಾಯ್ತೀನಿ ಬೇಟಿ. ಪರ್ಮಿಷನ್ ಬಂದರೆ ತೋಟ ನಿನ್ನದು. ಇಲ್ಲದಿದ್ದರೆ ನನ್ನ ಮಾತಿಗೆ ಅಡ್ಡ ಬರಬೇಡ" ಎಂದಿದ್ದ. ಗುಂಡಿ ತೆಗೆದರೆ ದಾದಿಯನ್ನು ಕರೆದುಕೊಂಡು ಬೇರೆಯವರ ಮನೆಯ ಮೂಲೆ ಸೇರಬೇಕು. ಅದಕ್ಕಿಂತ ಹೆಚ್ಚಾಗಿ, ಅಬ್ಬಾರಿಗೆ ಕೊಟ್ಟ ಮಾತು ಆ ಗುಂಡಿಗಳಲ್ಲೇ ಮುಳುಗಬೇಕು.

ವಾರ ಕಳೆಯುವಷ್ಟರಲ್ಲಿ ಚಿಕ್ಕಹನುಮಕ್ಕ ಪುರಸಭೆಯ ಬೇವಿನ ಮರದ ಕೆಳಗೆ ಅವನನ್ನು ಅಡ್ಡಗಟ್ಟಿದಳು. "ನಮ್ಮ ಕೂಸು ಒಂದು ಮಾತು ಕೇಳೈತೆ. ನೀರು ಕುಡೀದೋರಿಗೆ ನಮ್ಮ ಬಾವಿ ಕಯ್ಯಿ ಅಂತ ಹೆಂಗೆ ಗೊತ್ತಾಯ್ತು ಅಂತ."

ಮಾತು ನಿಜ. ನಸ್ರುಲ್ಲಾ ಬಣ್ಣ ನೋಡಿ ಬರೆದಿದ್ದ, ಬಾಯಿಗೆ ಹಾಕಿ ಬರೆದಿರಲಿಲ್ಲ.

ಮಾರನೆಯ ದಿನವೇ ಹೋದ. ಬಾವಿಯಿಂದ ಬಿಂದಿಗೆ ಎತ್ತಿ, ಬೊಗಸೆಯಲ್ಲಿ ತೆಗೆದುಕೊಂಡು, "ಬಾಯಿ ಮುಕ್ಕಳಿಸಿ ಉಗುಳಿದರೆ ಕುಡಿದ ಹಾಗಲ್ಲ" ಎಂದು ತನಗೆ ತಾನೇ ತೀರ್ಪು ಹೇಳಿಕೊಂಡು ಬಾಯಿಗೆ ಹಾಕಿದ. ಸುಣ್ಣ, ಚೊಗರು, ಕಹಿ ಎಲ್ಲ ಸೇರಿ ನಾಲಿಗೆ ಮಡಚಿಕೊಂಡಿತು. ಕಣ್ಣಲ್ಲಿ ನೀರು ಬಂತು. ಉಗುಳಿ, ಕೆಮ್ಮಿ, ಮತ್ತೆ ಉಗುಳಿದ.

"ಈಗ ರಿಪೋರ್ಟು ನಿಜವಾಯ್ತು" ಎಂದಿತು ತಟ್ಟಿ. ಆ ದನಿಯಲ್ಲಿ ನಗು ವಾಪಸ್ಸು ಬಂದಿತ್ತು. ಬಾಯಿ ತುಂಬ ಕಹಿ ಇದ್ದರೂ ಅವನಿಗೆ ಅದೊಂದು ದೊಡ್ಡ ಸಮಾಧಾನ. ಹೊರಡುವ ಮುಂಚೆ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ತಟ್ಟಿಯ ಕೆಳಗೆ ಇಟ್ಟ. ಭಾನುವಾರದ ಬಸ್ಸಿನಲ್ಲಿ ಮಿಡಿಗೇಶಿಗೆ ಹೋಗಿ, ಬೆಟ್ಟದ ಬುಡದಲ್ಲಿ ಅಲೆದು ಆರಿಸಿಕೊಂಡು ಬಂದ ತಂಗಡಿ ಬೀಜ ಅದು.

"ಬೀಜ ಕೊಡಬಾರದು ಅಂತ ಪದ್ಧತಿ ಇಲ್ಲವಾ?"

"ತೊಗೋಬಾರದು ಅಂತ ಮಾತ್ರ ಇದೆ" ಎಂದ.

ಅಲ್ಲಿಂದ ಮುಂದೆ ತಿಂಗಳಿಗೊಂದು ಸಲ ಆ ಬೀದಿಯಲ್ಲಿ ಅವನಿಗೆ ಏನಾದರೊಂದು ಸರ್ಕಾರಿ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಒಂದು ತಿಂಗಳು ಚರಂಡಿ, ಒಂದು ತಿಂಗಳು ದೀಪದ ಕಂಬ. ಅವನು ಕಾಂಪೌಂಡಿನ ಹೊರಗೆ ನಿಂತು ಕೆಮ್ಮುವನು. ಒಳಗಿನಿಂದ ವರದಿ ಬರುವುದು. "ಮೂರನೇ ಸಾಲು ಹುಟ್ಟಿದೆ." "ಸುಣ್ಣದ ಗುಂಡಿಗಳ ಮೇಲೂ ಬಂದಿದೆ, ಸ್ವಲ್ಪ ಕುಳ್ಳಗೆ." "ಈ ತಿಂಗಳು ಮಣ್ಣು ಅಷ್ಟು ಕಡಿಯಲಿಲ್ಲ." ಒಂದು ತಿಂಗಳು, "ನಿಮ್ಮ ಕೆಮ್ಮು ಜಾಸ್ತಿಯಾಗಿದೆ, ಡಾಕ್ಟರಿಗೆ ತೋರಿಸಿ." ಅವತ್ತು ಅವನು ಸೈಕಲ್ ತುಳಿಯುತ್ತ ದೊಡ್ಡಕೆರೆಯ ಏರಿಯವರೆಗೆ ಸುಮ್ಮನೆ ಹೋಗಿ ಬಂದ.

*

ಮರುವರ್ಷದ ಅಕ್ಟೋಬರ್. ಮಳೆ ನಿಂತು ಎಂಟು ದಿನ ಬಿಸಿಲು ಬಿದ್ದಿತ್ತು. ಚಿಕ್ಕಹನುಮಕ್ಕ ಆಫೀಸಿಗೇ ಓಡಿಬಂದಳು. "ಬಂದ್ಬುಡಿ ಸ್ವಾಮಿ. ಬಾಯಲ್ಲಿ ಯೋಳಾಕಾಗಕಿಲ್ಲ. ನೋಡ್ಬೇಕು."

ನಸ್ರುಲ್ಲಾ ಗೇಟು ತಳ್ಳಿದವನು ಅಲ್ಲೇ ನಿಂತ.

ಒಂದು ಎಕರೆ ಹಳದಿ. ಗೋಡೆಯಿಂದ ಗೋಡೆಗೆ, ಎದೆಯೆತ್ತರಕ್ಕೆ, ಒಂದು ಗೇಣು ಬೂದಿ ನೆಲವೂ ಕಾಣದ ಹಾಗೆ ತಂಗಡಿ ಹೂ ಬಿಟ್ಟಿತ್ತು. ಇಪ್ಪತ್ತನಾಲ್ಕು ಗುಂಡಿಗಳು ಎಲ್ಲಿದ್ದವೆಂದು ಅಳೆದವನಿಗೇ ಗುರುತು ಸಿಗಲಿಲ್ಲ. ಸಾವಿರ ಸಾವಿರ ಜೇನ್ನೊಣಗಳ ಸದ್ದು ನೆಲದಿಂದಲೇ ಎದ್ದು ಬರುತ್ತಿತ್ತು. ಹುಟ್ಟಿದಂದಿನಿಂದ ಬೀದಿ ಬದಿಯಲ್ಲಿ ನೋಡಿದ ಹೂವು ಇದು. ಆದರೂ ಅವನಿಗೆ ತಲೆಯ ಮೇಲಿನ ಟೋಪಿ ತೆಗೆಯಬೇಕೋ, ಚಪ್ಪಲಿ ಬಿಡಬೇಕೋ ತಿಳಿಯಲಿಲ್ಲ. ಕೊನೆಗೆ ಚಪ್ಪಲಿ ಬಿಟ್ಟ.

ಅಮೀನಾಬಿ ಜಗಲಿಯ ಮೇಲೆ ಕೂತು ಪೊರೆ ಬಂದ ಕಣ್ಣುಗಳನ್ನು ಅರಳಿಸಿಕೊಂಡಿದ್ದರು. "ಬೇಟಾ, ಇದೇನು ಇವತ್ತು ಬಿಸಿಲು ಕೆಳಗಿಂದ ಬರ್ತಾ ಇದೆ?" ಎಂದರು.

ಹೂವಿನ ನಡುವೆ ಅವಳು ನಿಂತಿದ್ದಳು. ತಟ್ಟಿ ಇಲ್ಲ, ಸರಪಳಿ ಇಲ್ಲ, ದುಪ್ಪಟ್ಟಾ ಹೆಗಲಿಗೆ ಜಾರಿತ್ತು. ಗೇಟಿನ ಸದ್ದಿಗೆ ತಿರುಗಿದಳು. ಮೂಗಿನ ಮೇಲೆ ಹಳದಿ ಪುಡಿ ಅಂಟಿತ್ತು. ಕಣ್ಣುಗಳು ಅವನು ಅಂದುಕೊಂಡಿದ್ದಕ್ಕಿಂತ ದೊಡ್ಡವು, ಅತ್ತದ್ದರಿಂದ ಕೆಂಪಾಗಿದ್ದವು. ದುಪ್ಪಟ್ಟಾ ತಲೆಗೆ ಎಳೆದುಕೊಳ್ಳಬೇಕೆಂಬುದು ಅವಳಿಗೆ ನೆನಪಾಗಲು ಒಂದು ಗಳಿಗೆ ಹಿಡಿಯಿತು. ನೆನಪಾದ ಮೇಲೂ ಇನ್ನೊಂದು ಗಳಿಗೆ ತಡವಾಯಿತು.

"ಅಬ್ಬಾ ಇದನ್ನ ನೋಡಲೇ ಇಲ್ಲ" ಎಂದಳು. "ಇದರ ಚರ್ಮ ಮಾತ್ರ ನೋಡಿದರು. ಇದರೊಳಗೆ ಇಷ್ಟು ಬೆಳಕಿತ್ತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ."

ಅವನಿಗೆ ಹೇಳಲು ನೂರು ಮಾತಿದ್ದವು. ಹೇಳಲೇಬೇಕಾದದ್ದು ಒಂದೇ, ಅದೂ ಎಲ್ಲಕ್ಕಿಂತ ಕೆಟ್ಟದ್ದು. "ಈ ವಾರದೊಳಗೆ ಕೊಯ್ಯಬೇಕು. ಕಾಯಿ ಕಟ್ಟೋಕೆ ಮುಂಚೆ ಮಣ್ಣಿಗೆ ಸೇರಿಸಬೇಕು."

"ನಿಮಗೆ ಕಣ್ಣಿಲ್ಲವಾ?"

"ಇದೆ. ಅದಕ್ಕೇ ಹೇಳೋಕೆ ಇಷ್ಟು ಕಷ್ಟ."

ಅವಳು ಒಳಗೆ ಹೋದಳು. ಮೂರು ದಿನ ಯಾವ ಸುದ್ದಿಯೂ ಇಲ್ಲ. ನಾಲ್ಕನೆಯ ದಿನ ಕಾಂಪೌಂಡಿನ ಹೊರಗೆ ಅವನಿಗೆ ಕುಡುಗೋಲಿನ ಸದ್ದು ಕೇಳಿಸಿತು, ಒಂದೇ ಲಯದಲ್ಲಿ, ನಿಲ್ಲದೆ. ಚಿಕ್ಕಹನುಮಕ್ಕನನ್ನೂ ಕೈ ಹಾಕಲು ಬಿಡದೆ ಅವಳೊಬ್ಬಳೇ ಕೊಯ್ಯುತ್ತಿದ್ದಳಂತೆ. ಬಾವಿಯ ಪಕ್ಕದಲ್ಲಿ, ಅವಳ ಅಬ್ಬಾ ಕೂತು ಬೀಡಿ ಸೇದುತ್ತಿದ್ದ ಕಲ್ಲಿನ ಹತ್ತಿರ, ಒಂದು ಗಿಡ ಮಾತ್ರ ಉಳಿಸಿದಳು.

*

ತಂಗಡಿ ಮಣ್ಣಾಯಿತು. ಬೇಸಿಗೆಯಲ್ಲಿ ಬಾವಿಯ ಹೂಳನ್ನೆಲ್ಲ ಎತ್ತಿಸಿ, ತಳದಲ್ಲಿ ಹೊಸ ಮರಳು ಹರಡಿಸಿದಳು. ಎರಡನೆಯ ಮಳೆ ಬಂದಾಗ ಮಲ್ಲಿಗೆ ಕಡ್ಡಿಗಳನ್ನು ಮತ್ತೆ ನೆಟ್ಟಳು. ಈ ಸಲ ಅವು ಚಿಗುರಿದವು. ದಾಳಿಂಬೆ, ಸೀಬೆ, ಕನಕಾಂಬರ, ಮೂಲೆಗೊಂದು ನುಗ್ಗೆ. ಚರ್ಮ ಒಣಗಿಸುತ್ತಿದ್ದ ಚಪ್ಪರದ ತಟ್ಟಿಯ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿತು.

ಮರುಪರಿಶೀಲನೆಗೆ ತಿಂಗಳಿರುವಾಗ ಚಿಕ್ಕಹನುಮಕ್ಕ ಬೇವಿನ ಮರದ ಕೆಳಗೆ ಮತ್ತೆ ಪ್ರತ್ಯಕ್ಷಳಾದಳು. "ಅಮ್ಮಾವ್ರು ಕೇಳ್ತಾವ್ರೆ, ನಿಮ್ಮನೇಲಿ ಮಾತುಕತೆ ಆಡೋ ದೊಡ್ಡೋರು ಯಾರವ್ರೆ ಅಂತ."

ಯಾಕೆ ಕೇಳುತ್ತಿದ್ದಾರೆಂದು ತಿಳಿಯದಷ್ಟು ದಡ್ಡನಲ್ಲ ನಸ್ರುಲ್ಲಾ. ಆದರೂ ಅವನ ಬಾಯಿಂದ ಬಂದದ್ದು, "ಫೈಲು ಮುಗಿಯೋವರೆಗೂ ದಯವಿಟ್ಟು ಏನೂ ಕೇಳಬೇಡಿ ಅಂತ ಹೇಳಮ್ಮ."

ಚಿಕ್ಕಹನುಮಕ್ಕ ಅವನನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಅಂಗಾದ್ರೆ ಆ ಫೈಲನ್ನೇ ಮದ್ವೆ ಆಗ್ಬುಡು ಓಗಪ್ಪ" ಎಂದು ಬೀಸಿ ನಡೆದಳು.

ಅವತ್ತೇ ಮಧ್ಯಾಹ್ನ ಅವನು ಮುಖ್ಯಾಧಿಕಾರಿ ಚಂದ್ರಶೇಖರಯ್ಯನವರ ಮೇಜಿನ ಮುಂದೆ ನಿಂತ. "ಸಾರ್, ಟ್ಯಾನರಿ ಫೈಲು ಬೇರೆಯವರಿಗೆ ಕೊಡಿ."

"ಯಾಕಪ್ಪಾ? ಎರಡು ವರ್ಷದಿಂದ ನೀನೇ ನೋಡ್ತಿದ್ದೀಯಲ್ಲ."

"ಅದಕ್ಕೇ ಸಾರ್. ಆ ಜಾಗ ನೋಡಿದರೆ ಈಗ ನನಗೆ ಎಲ್ಲ ಚೆನ್ನಾಗೇ ಕಾಣುತ್ತೆ."

ಚಂದ್ರಶೇಖರಯ್ಯ ಕನ್ನಡಕ ತೆಗೆದು ಒರೆಸಿದರು. ನಗು ಬಂದದ್ದನ್ನು ಒರೆಸುವ ನೆಪದಲ್ಲಿ ಮುಗಿಸಿದರು. "ಮಧುಗಿರಿಯಿಂದ ಓವರ್ಸಿಯರ್ ಗಂಗಾಧರಯ್ಯನವರನ್ನ ಕರೆಸಬೇಕಾಗುತ್ತೆ. ಅವರು ಹೇಗೆ ಅಂತ ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಸ್ವಂತ ಭಾವಮೈದುನನ ಮನೆಯ ಮೆಟ್ಟಿಲು ನಾಲ್ಕು ಬೆರಳು ರಸ್ತೆಗೆ ಬಂದಿದೆ ಎಂದು ನಕ್ಷೆ ವಾಪಸ್ಸು ಮಾಡಿದ್ದ ಮನುಷ್ಯ ಅವರು.

ಸುದ್ದಿ ಟ್ಯಾನರಿ ಮುಟ್ಟಿತು. ಸಂಜೆ ಅವನು ಕಾಂಪೌಂಡಿನ ಹೊರಗೆ ಕೆಮ್ಮುವ ಮುಂಚೆಯೇ ಒಳಗಿನ ದನಿ ಸಿಡಿಯಿತು. "ಎರಡು ವರ್ಷ ಮಣ್ಣು ತಿಂದದ್ದು ನಾನು. ಇದನ್ನ ಯಾರೋ ಗುರುತಿಲ್ಲದವರ ಕೈಗೆ ಕೊಟ್ಟುಬಿಟ್ಟಿರಾ? ಅವರು ಆಗಲ್ಲ ಅಂದರೆ ಚಾಚಾ ಗುಂಡಿ ತೆಗೆಸ್ತಾರೆ. ಗೊತ್ತಿದೆಯಲ್ಲ?"

"ಗೊತ್ತಿದೆ" ಎಂದ ನಸ್ರುಲ್ಲಾ. ಗೋಡೆಗೆ ಹೇಳಿದರೂ ಮುಖ ನೋಡಿ ಹೇಳಿದಂತೆ ಹೇಳಿದ. "ನಾನು ಸಹಿ ಹಾಕಿದರೆ ನಾಳೆ ಊರವರು ಇದನ್ನ ತೋಟ ಅನ್ನಲ್ಲ, ಓವರ್ಸಿಯರ್ ಕೊಟ್ಟ ಉಡುಗೊರೆ ಅಂತಾರೆ. ಯಾಕಂದರೆ ಆಮೇಲೆ ನಮ್ಮಪ್ಪನ್ನ ಈ ಮನೆಗೆ ಕರ್ಕೊಂಡು ಬರಬೇಕು ಅಂತಿದ್ದೀನಿ. ಇದು ಉಡುಗೊರೆ ಆಗಬಾರದು. ಇದು ನೀವು ಮಾಡಿದ್ದು. ಒಂದು ಎಳೆಯಷ್ಟೂ ನನ್ನದಲ್ಲ."

ಗೋಡೆಯ ಆಚೆ ಬಳೆಗಳ ಸದ್ದು ಹತ್ತಿರಕ್ಕೆ ಬಂತು.

"ಬೀಜ ನಿಮ್ಮದು" ಎಂದಿತು ದನಿ, ತೀರಾ ಸಣ್ಣಗೆ.

*

ಗಂಗಾಧರಯ್ಯ ಬಂದರು. ಕೋಟು, ಛತ್ರಿ, ಒಂದು ಉದ್ದನೆಯ ಕೋಲು. ಕದಿರಯ್ಯ ಅವತ್ತೂ ಜ್ವರ ಬಂದು ಮಲಗಿದ್ದ. ಅವನ ಜ್ವರಕ್ಕೆ ಅದ್ಯಾವ ಮುಹೂರ್ತವೋ. "ನೀವೇ ಹಿಡ್ಕೊಳ್ರೀ. ಮಾತು ಮಾತ್ರ ಆಡಬೇಡಿ" ಎಂದು ಅವರು ನಸ್ರುಲ್ಲಾನಿಗೆ ಸರಪಳಿಯ ಒಂದು ತುದಿ ಕೊಟ್ಟರು. ಇನ್ನೊಂದು ತುದಿ ಮಲ್ಲಿಗೆ ಹಬ್ಬಿದ ತಟ್ಟಿಯ ಕೆಳಗೆ ಹೋಯಿತು. ಹಸಿರು ಬಳೆಯ ಕೈ ಅದನ್ನು ತೆಗೆದುಕೊಂಡಿತು.

ಒಂದು ಎಳೆತ. ಸಿದ್ಧ.

ಗಂಗಾಧರಯ್ಯ ಅಳೆದರು, ಹಳೆಯ ನಕ್ಷೆ ಹರಡಿಕೊಂಡು ಇಪ್ಪತ್ತನಾಲ್ಕು ಗುಂಡಿಗಳ ಜಾಗವನ್ನೂ ಒಂದೊಂದಾಗಿ ಹುಡುಕಿ ಕೋಲಿನಿಂದ ಕೆದಕಿದರು. ಏಳನೆಯ ಕಡೆ ಬಗ್ಗಿದವರು ಬಗ್ಗಿಯೇ ಇದ್ದರು. ಸುಣ್ಣದ ಗುಂಡಿ ಇದ್ದ ಜಾಗ ಅದು. ಕಪ್ಪು ಮಣ್ಣಿನಲ್ಲಿ ಒಂದು ಎರೆಹುಳು ನಿಧಾನವಾಗಿ ತಿರುಗಿಕೊಂಡು ಒಳಗೆ ಹೋಗುತ್ತಿತ್ತು. ಅದು ಪೂರ್ತಿ ಒಳಗೆ ಹೋಗುವವರೆಗೂ ಆ ಮನುಷ್ಯ ಅಲುಗಲಿಲ್ಲ.

"ಮನುಷ್ಯರು ಸುಳ್ಳು ಅರ್ಜಿ ಕೊಡ್ತಾರೆ" ಎಂದರು ಯಾರಿಗೂ ಅಲ್ಲದ ಹಾಗೆ. "ಇದು ಕೊಡಲ್ಲ."

ಆಮೇಲೆ ಬಾವಿ. ಚಿಕ್ಕಹನುಮಕ್ಕ ಲೋಟದಲ್ಲಿ ನೀರು ತಂದುಕೊಟ್ಟಳು. ಗಂಗಾಧರಯ್ಯ ಬಿಸಿಲಿಗೆ ಹಿಡಿದು ನೋಡಿದರು, ಮೂಸಿದರು, ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಹಾಗೇ ಇಟ್ಟುಕೊಂಡರು. ನಸ್ರುಲ್ಲಾನ ಕೈಯಲ್ಲಿ ಸರಪಳಿ ಇನ್ನೂ ಇತ್ತು, ಅದರ ಆ ತುದಿ ನಡುಗುತ್ತಿರುವುದು ಅವನಿಗೆ ತಿಳಿಯುತ್ತಿತ್ತು. ಗಂಗಾಧರಯ್ಯ ನುಂಗಿದರು. ಪುಸ್ತಕ ತೆಗೆದು ಏನೋ ಬರೆದರು, ಮಡಚಿದರು, ಛತ್ರಿ ಬಿಚ್ಚಿ ಗೇಟಿನ ಕಡೆ ನಡೆದರು.

ಸರಪಳಿ ಸುತ್ತಲು ನಸ್ರುಲ್ಲಾ ಎರಡು ಸಲ ಜಗ್ಗಿದ. ಬಿಡಿ ಎಂದು.

ಆ ತುದಿ ಬಿಡಲಿಲ್ಲ. ಒಂದು, ಎರಡು, ಮೂರು ಸಲ ಜಗ್ಗಿತು. ಮೂರು ಎಳೆತಕ್ಕೆ ಏನರ್ಥವೆಂದು ಅವನು ಯಾವತ್ತೂ ಹೇಳಿಕೊಟ್ಟಿರಲಿಲ್ಲ. ನಿಕಾಹಿನಲ್ಲಿ ಒಪ್ಪಿಗೆಯ ಕಬೂಲ್ ಹೇಳುವುದೂ ಮೂರು ಸಲವೇ, ಅವನಿಗೆ ಅರ್ಥವಾಯಿತು. ಅವನೂ ಮೂರು ಸಲ ಜಗ್ಗಿದ.

*

ವರದಿಯಲ್ಲಿದ್ದದ್ದು ಎರಡೇ ಸಾಲು. "ಸ್ಥಳದಲ್ಲಿ ಟ್ಯಾನರಿಯ ಕುರುಹು ಕಾಣಲಿಲ್ಲ. ಬಾವಿ ನೀರು ಕುಡಿಯಲು ಯೋಗ್ಯ."

ತಕರಾರು ಇದ್ದವರು ಮೂವತ್ತು ದಿನದೊಳಗೆ ಹೇಳಬಹುದೆಂಬ ನೋಟೀಸನ್ನು ಗೇಟಿಗೆ ಅಂಟಿಸಿದರು. ಇಪ್ಪತ್ತೆಂಟನೆಯ ದಿನ ಕುತುಬುದ್ದೀನ್ ಬಂದು ಅದನ್ನು ಓದಿ ಒಳಗೆ ಹೋದ. ಅಣ್ಣ ಕೂರುತ್ತಿದ್ದ ಕಲ್ಲಿನ ಮೇಲೆ ಅರ್ಧ ಗಂಟೆ ಕೂತ. ಹೋಗುವಾಗ, "ಹಿಂದೂಪುರದವರಿಗೆ ಆಗಲ್ಲ ಅಂತ ಕಾಗದ ಹಾಕ್ತೀನಿ. ಭಾಯ್ ಇದ್ದಿದ್ದರೆ ನೋಡ್ತಿದ್ದರು" ಎಂದು ಕಣ್ಣು ಒರೆಸಿಕೊಂಡ.

ಅನುಮತಿ ಪತ್ರವನ್ನು ಕದಿರಯ್ಯ ಒಯ್ದು ಕೊಟ್ಟ. ಫೈಲಿಗೆ ದಾರ ಕಟ್ಟಿ ಕಪಾಟಿಗೆ ಸೇರಿಸಿದವನು ಮಾತ್ರ ನಸ್ರುಲ್ಲಾ. ಆ ಗಂಟನ್ನು ಎರಡು ಸಲ ಬಿಗಿದ.

ಮಾರನೆಯ ದಿನ ಶುಕ್ರವಾರ. ನಮಾಜು ಮುಗಿಸಿ, ಬೆಳಿಗ್ಗೆಯ ಬಸ್ಸಿಗೆ ಮಿಡಿಗೇಶಿಯಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ ಅವನು ಟ್ಯಾನರಿಯ ಗೇಟು ತಳ್ಳಿದ. ಕೈಯಲ್ಲಿ ಸರಪಳಿ ಇಲ್ಲ, ಕಂಕುಳಲ್ಲಿ ಫೈಲಿಲ್ಲ. ಇಡೀ ಅಂಗಳ ಮಲ್ಲಿಗೆಯ ವಾಸನೆಯಿಂದ ತುಂಬಿತ್ತು. ಅವನ ಅಪ್ಪ ಮೂಗು ಅರಳಿಸಿ, "ಇದೇ ಜಾಗದ ಮುಂದೆ ನಾವು ಮೂಗು ಮುಚ್ಚಿಕೊಂಡು ಓಡ್ತಿದ್ದೆವಲ್ಲೋ!" ಎಂದು ನಿಂತುಬಿಟ್ಟರು.

"ಯಾರು?" ಎಂದರು ಜಗಲಿಯಿಂದ ಅಮೀನಾಬಿ.

"ನಾನು ದಾದಿಮಾ, ನಸ್ರುಲ್ಲಾ. ಬಹಳ ಬಾಯಾರಿಕೆ ಆಗಿದೆ. ಕುಡಿಯೋಕೆ ನೀರು ಬೇಕಿತ್ತು."

ಅಮೀನಾಬಿಯ ಮುಖ ಅರಳಿತು. ತಟ್ಟಿಯ ಹಿಂದೆ ಬಳೆಗಳು ಗಲಗಲಿಸಿದವು. ಬಾವಿಗೆ ಬಿಂದಿಗೆ ಇಳಿದ ಸದ್ದು, ಮೇಲೆ ಬಂದ ಸದ್ದು. ಈ ಸಲ ಲೋಟ ತಟ್ಟಿಯ ಕೆಳಗಿನಿಂದ ಬರಲಿಲ್ಲ. ತಲೆಯ ಮೇಲೆ ದುಪ್ಪಟ್ಟಾ ಹೊದ್ದುಕೊಂಡು ಅಮೀರುನ್ನೀಸಾ ತಾನೇ ತಂದಳು. ಚಿಕ್ಕಹನುಮಕ್ಕ ನೋಡಿಯೂ ನೋಡದವಳ ಹಾಗೆ ಎಲೆಗೆ ಸುಣ್ಣ ಸವರುತ್ತ ಕೂತಳು.

ಎರಡು ವರ್ಷ ನಾಲ್ಕು ತಿಂಗಳು ಬೇಡವೆಂದ ನೀರನ್ನು ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಒಂದೇ ಉಸಿರಿಗೆ ಕುಡಿದು ಮುಗಿಸಿದ. ತಣ್ಣಗೆ, ಸಿಹಿಯಾಗಿ ಇಳಿಯಿತು.

"ಹೇಗಿದೆ?" ಎಂದಳು ಅವಳು. "ಓವರ್ಸಿಯರ್ ಸಾಹೇಬರು ಸುಳ್ಳು ಹೇಳಬಾರದು."

ಅವನು ಯೋಚಿಸಿದ. ಸುಳ್ಳು ಅವನಿಗೆ ಬರುತ್ತಿರಲಿಲ್ಲ, ಇವತ್ತು ಕೂಡ. "ಸಿಹಿ ಇದೆ. ಎಲ್ಲಾ ಇಳಿದ ಮೇಲೆ, ಕೊನೆಗೆ, ನಾಲಿಗೆಯ ಮೇಲೆ ಒಂಚೂರು ಚೊಗರು ನಿಲ್ಲುತ್ತೆ. ತಂಗಡಿ ಚಕ್ಕೆಯದ್ದು."

ಅವಳು ಬಾವಿಯ ಪಕ್ಕದ ಕಲ್ಲಿನ ಕಡೆ ನೋಡಿದಳು. ಅಲ್ಲಿ ಉಳಿಸಿದ್ದ ಒಂದೇ ತಂಗಡಿ ಗಿಡ ತಲೆ ತುಂಬ ಹೂ ಹೊತ್ತು ನಿಂತಿತ್ತು.

"ಅದು ಅಬ್ಬಾ" ಎಂದಳು. "ಅಷ್ಟು ಇರಲಿ."

ನಸ್ರುಲ್ಲಾ ಖಾಲಿ ಲೋಟವನ್ನು ಅವಳ ಕಡೆ ಚಾಚಿದ. "ಇನ್ನೊಂದು ಲೋಟ" ಎಂದ.